ತಡ, ತಡೆ ಮತ್ತು ಒಂದು ಕ್ರಯಪತ್ರ

ವಿರಾಜಪೇಟೆಯಲ್ಲಿ ನನ್ನದೊಂದು ಸಣ್ಣ ಟೈಪಿಂಗ್ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಕರೆಂಟ್ ಹೋದ ಕೂಡಲೇ ಕಿರುಚಿಕೊಳ್ಳುವ ಒಂದು ಯುಪಿಎಸ್. ಕ್ರಯಪತ್ರ, ಲೀಸ್ ಕರಾರು, ಅಫಿಡವಿಟ್, ತಕರಾರು ಅರ್ಜಿ, ಎಲ್ಲವೂ ಬರುತ್ತವೆ. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡಕ್ಕೆ, ಕನ್ನಡದಲ್ಲಿದ್ದುದನ್ನು ಇಂಗ್ಲಿಷಿಗೆ ಮಾಡಿಕೊಡುವುದೇ ನನ್ನ ಹೊಟ್ಟೆಪಾಡು. ಓದಿದ್ದು ಬಿಕಾಂ. ಭಾಷಾಶಾಸ್ತ್ರ, ಕಾನೂನು ಎರಡೂ ನನ್ನ ಓದಿನವಲ್ಲ. ಹಾಗಿರುವಾಗ ಇಂಗ್ಲಿಷ್ ಪದಗಳ ಬೇರು ಕೆದಕುವ ಚಟ ಹೇಗೆ ಹತ್ತಿತು ಅಂದರೆ, ಒಂದು ತಪ್ಪಿನಿಂದ.

2011ರ ಜೂನ್. ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಒಂದು ಕುಟುಂಬದವರು ಹಳೆಯ ಇಂಗ್ಲಿಷ್ ಕ್ರಯಪತ್ರವೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದರು. ಮೂರೂವರೆ ಎಕರೆ ಕಾಫಿ ತೋಟ, ಅಣ್ಣ ತಮ್ಮಂದಿರ ಪಾಲು. ಕನ್ನಡದಲ್ಲಿ ಏನಿದೆ ಅಂತ ಗೊತ್ತಾಗಬೇಕಿತ್ತು, ಅಷ್ಟೇ. ಅದರಲ್ಲೊಂದು ಸಾಲು: ಕೊಂಡವರು ಆಸ್ತಿಯನ್ನು ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಅನುಭವಿಸಬೇಕು. ಹಿಂಡ್ರೆನ್ಸ್ ಅಂದರೆ ಅಡ್ಡಿ, ಅದು ಗೊತ್ತಿತ್ತು. ಲೆಟ್? ಪೇಟೆಯಲ್ಲಿ ‘ಟು ಲೆಟ್’ ಬೋರ್ಡು ದಿನಾ ನೋಡುತ್ತೇನಲ್ಲ! ನಾನು ಧೈರ್ಯವಾಗಿ ‘ಬಾಡಿಗೆಗೆ ಕೊಡದೆ, ಯಾವುದೇ ಅಡ್ಡಿ ಇಲ್ಲದೆ ಅನುಭವಿಸತಕ್ಕದ್ದು’ ಅಂತ ಟೈಪ್ ಮಾಡಿ, ಸೀಲು ಒತ್ತಿ, ನೂರೈವತ್ತು ರೂಪಾಯಿ ತೆಗೆದುಕೊಂಡೆ.

ಹದಿನೈದು ದಿನ ಬಿಟ್ಟು ತಮ್ಮ ಬಂದ. ಅಣ್ಣ ತೋಟವನ್ನು ಲೀಸಿಗೆ ಕೊಟ್ಟಿದ್ದನಂತೆ. ‘ಪತ್ರದಲ್ಲೇ ಬಾಡಿಗೆಗೆ ಕೊಡಬಾರದು ಅಂತ ಉಂಟಲ್ಲ, ಅಪ್ಪ ಬರೆಸಿದ್ದನ್ನು ಇವನು ಮುರಿದ’ ಅಂತ ಮನೆಯಲ್ಲಿ ದೊಡ್ಡ ಜಗಳ. ನನಗೆ ಕೈಕಾಲು ತಣ್ಣಗಾಯಿತು. ಮೂಲಪತ್ರ, ನನ್ನ ಅನುವಾದ ಎರಡನ್ನೂ ಹಿಡಿದುಕೊಂಡು ಪಕ್ಕದ ಬೀದಿಯ ಹಿರಿಯ ವಕೀಲರ ಹತ್ತಿರ ಹೋದೆ. ಎಪ್ಪತ್ತು ದಾಟಿದವರು, ಕೋರ್ಟಿಗೆ ಹೋಗುವುದು ಕಡಿಮೆ ಮಾಡಿದ್ದರು. ಕನ್ನಡಕ ಹಣೆಗೇರಿಸಿ ಓದಿದರು.

‘ಎಂತ ಮಾರಾಯ್ತಿ ಇದು? ಮಾರಿದವನೂ ಹಾಕದ ಷರತ್ತನ್ನು ನೀನು ಹಾಕಿದ್ದೀಯಲ್ಲ!’

‘ಲೆಟ್ ಅಂದ್ರೆ ಬಾಡಿಗೆ ಅಲ್ವಾ ಸರ್?’

‘ಪಾಸ್‌ಪೋರ್ಟ್ ಉಂಟಾ ನಿನ್ನ ಹತ್ತಿರ?’

ನನ್ನದಿರಲಿಲ್ಲ. ಅವರು ತಮ್ಮದೇ ತೆಗೆದರು. ನಮ್ಮ ದೇಶದ ಪಾಸ್‌ಪೋರ್ಟಿನಲ್ಲಿ ರಾಷ್ಟ್ರಪತಿಯವರ ಹೆಸರಿನಲ್ಲಿ ಒಂದು ಕೋರಿಕೆ ಅಚ್ಚಾಗಿರುತ್ತದೆ. ಇದನ್ನು ಹೊಂದಿದವರನ್ನು ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಓಡಾಡಲು ಬಿಡಿ ಅಂತ. ಅದೇ ಮಾತು. ರಾಷ್ಟ್ರಪತಿಗಳು ಬಾಡಿಗೆ ವಿಷಯ ಮಾತಾಡುತ್ತಿಲ್ಲ ಅನ್ನುವಷ್ಟು ನನಗೂ ಹೊಳೆಯಿತು.

ಇಂಗ್ಲಿಷಿನಲ್ಲಿ ಲೆಟ್ ಎರಡಿವೆ. ಒಂದು ‘ಬಿಡು’ ಅನ್ನುವ ಅರ್ಥದ್ದು. ಮನೆಯನ್ನು ಬಾಡಿಗೆಗೆ ಬಿಡುವುದೂ ಅದೇ. ಇನ್ನೊಂದು ಹಳೆಯ ಇಂಗ್ಲಿಷಿನ ‘ಲೆಟ್ಟನ್’, ಅಂದರೆ ತಡೆ. ಉಚ್ಚಾರ ಒಂದೇ, ಅರ್ಥ ಪೂರ್ತಿ ಎದುರುಬದುರು. ಎರಡನೆಯದು ದಿನಬಳಕೆಯಿಂದ ಸತ್ತುಹೋಗಿ ಪಾಸ್‌ಪೋರ್ಟಿನಲ್ಲಿ, ಕ್ರಯಪತ್ರದಲ್ಲಿ, ಆಟದ ಅಂಗಳದಲ್ಲಿ ಮಾತ್ರ ಉಸಿರಾಡುತ್ತಿದೆ. ಟೆನಿಸ್‌ನಲ್ಲಿ ಸರ್ವ್ ಮಾಡಿದ ಚೆಂಡು ಬಲೆಗೆ ತಾಗಿ ಆಚೆ ಬಿದ್ದರೆ ‘ಲೆಟ್’ ಅನ್ನುತ್ತಾರಲ್ಲ, ಅದೂ ಇದೇ. ಬಲೆ ತಡೆಯಿತು, ಮತ್ತೆ ಆಡು ಅಂತ.

ಇಷ್ಟೇ ಆಗಿದ್ದರೆ ತಪ್ಪು ತಿದ್ದಿಕೊಂಡು ಸುಮ್ಮನಾಗುತ್ತಿದ್ದೆ. ವಕೀಲರು ಕಪಾಟಿನಿಂದ ಒಂದು ದಪ್ಪ ಇಂಗ್ಲಿಷ್ ನಿಘಂಟು ತೆಗೆದು ತೋರಿಸಿದರು: ತಡೆಯುವ ಲೆಟ್, ‘ಲೇಟ್’ ಪದದ ಒಡಹುಟ್ಟು. ಯಾರನ್ನಾದರೂ ತಡವಾಗುವಂತೆ ಮಾಡುವುದೇ ಲೆಟ್. ಓದುತ್ತಿದ್ದಂತೆ ನನ್ನ ತಲೆಯಲ್ಲಿ ಏನೋ ಟಕ್ ಅಂತು. ತಡ. ತಡೆ. ಕನ್ನಡದಲ್ಲೂ ಅದೇ ಅಲ್ಲವಾ? ‘ಯಾಕೆ ತಡ ಆಯ್ತು?’ ‘ದಾರಿಯಲ್ಲಿ ಒಬ್ಬರು ತಡೆದು ನಿಲ್ಲಿಸಿದರು.’ ದಿನಕ್ಕೆ ಹತ್ತು ಸಲ ಆಡುವ ಎರಡು ಮಾತು ಅಕ್ಕತಂಗಿಯರು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ವಕೀಲರು ಕಿಟೆಲ್ ನಿಘಂಟನ್ನೂ ಇಳಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ್ದು. ಇವರ ಹತ್ತಿರ ಇದ್ದದ್ದು ಅದರ ಮರುಮುದ್ರಣ. ತಡ, ತಡೆ, ತಡವು ಎಲ್ಲ ಅಲ್ಲೇ ಒತ್ತೊತ್ತಾಗಿ ಕೂತಿದ್ದವು. ಇಂಗ್ಲಿಷಿಗೂ ಕನ್ನಡಕ್ಕೂ ರಕ್ತಸಂಬಂಧ ಇಲ್ಲ. ಆದರೂ ಎರಡೂ ಊರಿನವರು ಒಂದೇ ಥರ ಯೋಚಿಸಿದ್ದಾರೆ.

ಅಣ್ಣ ತಮ್ಮಂದಿರಿಗೆ ದುಡ್ಡು ವಾಪಸು ಕೊಟ್ಟೆ, ಸರಿಯಾದ ಅನುವಾದವನ್ನೂ ಕೊಟ್ಟೆ. ಅವರ ಜಗಳ ಅದರಿಂದ ನಿಲ್ಲಲಿಲ್ಲ, ಅದಕ್ಕೆ ಬೇರೆ ಕಾರಣಗಳೂ ಇದ್ದವು.

ಮರುದಿನ ಒಂದು ಉದ್ದನೆಯ ಲೆಡ್ಜರ್ ಪುಸ್ತಕ ಕೊಂಡೆ. ಮೊದಲು ಅಕಾರಾದಿಯಾಗಿ ಬರೆಯಲು ಹೊರಟೆ. ಒಂದು ವಾರದಲ್ಲೇ ಅದು ಕೆಲಸಕ್ಕೆ ಬಾರದು ಅಂತ ಗೊತ್ತಾಯಿತು. ನನ್ನ ಕೈಗೆ ಬರುವ ಕಾಗದಗಳಲ್ಲಿ ಅರ್ಧದಷ್ಟು ಪದ ಹಿಡಿಯುವ, ಕಟ್ಟುವ, ತಡೆಯುವ, ಕೂಡಿಹಾಕುವ ಪದಗಳೇ. ಯೋಚಿಸಿದರೆ ಆಶ್ಚರ್ಯವೂ ಅಲ್ಲ. ಜಾಗ ಹಿಡಿಯುವುದು, ಆಳನ್ನು ಹಿಡಿಯುವುದು, ಇನ್ನೊಬ್ಬ ಹಿಡಿಯದ ಹಾಗೆ ತಡೆಯುವುದು, ತಾಲ್ಲೂಕು ಕಚೇರಿ ಮತ್ತು ಕೋರ್ಟಿನ ಕೆಲಸ ಇಷ್ಟೇ. ಹಾಗಾಗಿ ಪುಟಗಳನ್ನು ಬೇರೆ ಥರ ಹಂಚಿದೆ. ಹಿಡಿದಿರುವುದು ಯಾವುದು? ಕೈಯೋ, ಕಾಲಿನ ಸಂಕೋಲೆಯೋ, ಹಗ್ಗವೋ, ಬೇಲಿಯೋ? ಒಂದೊಂದಕ್ಕೆ ಹತ್ತತ್ತು ಪುಟ.

ಕೈಯ ಪುಟ ಎಲ್ಲಕ್ಕಿಂತ ಬೇಗ ತುಂಬಿತು. ಲ್ಯಾಟಿನ್ನಿನ ‘ಟೆನೆರೆ’ ಅಂದರೆ ಹಿಡಿ. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವಾಗ ‘ಟೇನ್’ ಆಯಿತು. ರಿಟೇನ್, ಅಂದರೆ ಹಿಂದಕ್ಕೆ ಹಿಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ಮಡಿಕೇರಿ ಕಡೆ ಯಾರ ಬಾಯಲ್ಲಿ ಕೇಳಿದರೂ ‘ರಿಟೈನಿಂಗ್ ವಾಲ್’. ಆ ಗೋಡೆ ಮಾಡುವ ಕೆಲಸ ಪದದಲ್ಲೇ ಇದೆ, ಜಾರುವ ಮಣ್ಣನ್ನು ಹಿಂದಕ್ಕೆ ಹಿಡಿದುಕೊಳ್ಳುವುದು. ಡಿಟೇನ್, ಹೋಗಲು ಬಿಡದೆ ಹಿಡಿ. ಸಸ್ಟೇನ್, ಕೆಳಗಿನಿಂದ ಹಿಡಿ. ಗಾಯದ ಸರ್ಟಿಫಿಕೇಟಿನಲ್ಲಿ ‘ಇಂಜುರೀಸ್ ಸಸ್ಟೇನ್ಡ್’ ಅಂತ ಬರುತ್ತದೆ, ನ್ಯಾಯಾಧೀಶರು ಆಕ್ಷೇಪಣೆ ಎತ್ತಿಹಿಡಿದಾಗಲೂ ‘ಸಸ್ಟೇನ್ಡ್’. ಎರಡಕ್ಕೂ ಏನು ಸಂಬಂಧ ಅಂತ ತಲೆ ಕೆಡಿಸಿಕೊಂಡಿದ್ದೆ. ಕೆಳಗೆ ಭುಜ ಕೊಟ್ಟು ನಿಂತವನನ್ನು ನೆನೆಸಿಕೊಂಡರೆ ಎರಡೂ ಅಲ್ಲೇ ಇವೆ. ಒಂದರಲ್ಲಿ ಭಾರ ತಾಳಿಕೊಳ್ಳುತ್ತಾನೆ, ಇನ್ನೊಂದರಲ್ಲಿ ಬೀಳದಂತೆ ಎತ್ತಿಹಿಡಿಯುತ್ತಾನೆ.

ಕಂಟೇನ್ ಬಂದಾಗ ನನಗೆ ಕನ್ನಡದ ಮೇಲೆ ಪ್ರೀತಿ ಉಕ್ಕಿತು. ‘ಈ ಡಬ್ಬದಲ್ಲಿ ಐದು ಕೆಜಿ ಹಿಡಿಸುತ್ತದೆ’ ಅನ್ನುತ್ತೇವಲ್ಲ! ಕಂಟೇನ್ ಅಂದರೆ ಅದೇ, ಒಟ್ಟಾಗಿ ಹಿಡಿ. ಇಂಗ್ಲಿಷಿನವರಿಗೆ ಒಳಗಿರುವ ‘ಹಿಡಿ’ ಕಾಣಿಸುವುದಿಲ್ಲ, ಅದು ಲ್ಯಾಟಿನ್ನಿನಲ್ಲಿ ಹೂತುಹೋಗಿದೆ. ನಮಗೆ ಬರಿಗಣ್ಣಿಗೇ ಕಾಣುತ್ತದೆ. 2020ರಲ್ಲಿ ಬೀದಿಗೆ ಅಡ್ಡ ಬೊಂಬು ಕಟ್ಟಿ ‘ಕಂಟೈನ್‌ಮೆಂಟ್ ಜೋನ್’ ಅಂತ ಫಲಕ ಹಾಕಿದಾಗ ಪತ್ರಿಕೆಗಳು ‘ನಿಯಂತ್ರಿತ ವಲಯ’ ಅಂತ ಬರೆದವು. ತಪ್ಪೇನಲ್ಲ, ಆದರೆ ರೋಗವನ್ನು ಒಳಗೇ ಹಿಡಿದಿಡುವ ಜಾಗ ಅನ್ನುವ ಚಿತ್ರ ಅದರಲ್ಲಿ ಕಳೆದುಹೋಯಿತು.

ಎಂಟರ್‌ಟೇನ್ ವಿಷಯಕ್ಕೆ ಬಂದರೆ ಈಗಲೂ ನಗು ಬರುತ್ತದೆ. ಮೊಬೈಲಿನಲ್ಲಿ ಅನುವಾದ ಮಾಡಿಕೊಂಡು ಒಬ್ಬ ಹುಡುಗ ಬಂದಿದ್ದ. ‘ಈ ಅರ್ಜಿಯನ್ನು ಮನರಂಜಿಸಲು ಸಾಧ್ಯವಿಲ್ಲ’ ಅಂತ ಇತ್ತು. ಎಂಟರ್‌ಟೇನ್ ಅಂದರೆ ಮೂಲದಲ್ಲಿ ನಡುವೆ ಹಿಡಿದುಕೊಳ್ಳುವುದು, ನಮ್ಮ ನಡುವೆ ಇರಿಸಿಕೊಳ್ಳುವುದು. ನೆಂಟರನ್ನು ಇರಿಸಿಕೊಂಡರೆ ಉಪಚಾರ, ಅವರ ಮನಸ್ಸನ್ನು ಹಿಡಿದಿಟ್ಟರೆ ಮನರಂಜನೆ, ಅರ್ಜಿಯನ್ನು ಇರಿಸಿಕೊಂಡರೆ ವಿಚಾರಣೆಗೆ ಅಂಗೀಕಾರ. ಹುಡುಗನ ಅರ್ಜಿಯನ್ನು ಕೋರ್ಟು ಒಳಗೇ ಬಿಟ್ಟುಕೊಂಡಿರಲಿಲ್ಲ, ಅಷ್ಟೇ.

ಲೆಫ್ಟಿನೆಂಟ್ ಕೂಡ ಈ ಮನೆಯವನೇ ಅಂತ ಹೇಳಿದರೆ ನಮ್ಮೂರಿನ ಮಾಜಿ ಸೈನಿಕರು ನಂಬಲಿಲ್ಲ. ಕಾರ್ಯಪ್ಪ, ತಿಮ್ಮಯ್ಯನವರ ನಾಡು, ಮನೆಗೊಬ್ಬರು ಸೈನ್ಯದಲ್ಲಿದ್ದವರು. ಇಲ್ಲಿ ‘ಲೆಫ್ಟಿನೆಂಟ್’ ಅಂತ ಉಚ್ಚರಿಸುವುದರಿಂದ ಒಳಗಿರುವುದು ಕೇಳಿಸುವುದಿಲ್ಲ. ಬರೆದು ತೋರಿಸಿದೆ: ‘ಲ್ಯೂ’ ಅಂದರೆ ಜಾಗ, ‘ಟೆನೆಂಟ್’ ಅಂದರೆ ಹಿಡಿದವನು. ಮೇಲಿನವನ ಜಾಗ ಹಿಡಿದು ನಿಂತವನು. ‘ಹಾಗಾದ್ರೆ ನಾನು ಇಪ್ಪತ್ತೆಂಟು ವರ್ಷ ಬಾಡಿಗೆಗಿದ್ದೆ ಅನ್ನು’ ಅಂದರು ಒಬ್ಬರು, ಮೀಸೆ ತಿರುವುತ್ತಾ.

ಟೆನಿಸ್ ಕೂಡ. ಚೆಂಡು ಹೊಡೆಯುವ ಮೊದಲು ಎದುರಾಳಿಗೆ ಫ್ರೆಂಚಿನಲ್ಲಿ ‘ತೆನೇ’ ಅಂತ ಕೂಗುತ್ತಿದ್ದರಂತೆ, ‘ಹಿಡಿ’ ಅಂತ. ಆ ಕೂಗೇ ಆಟದ ಹೆಸರಾಯಿತು ಅನ್ನುವುದು ಹೆಚ್ಚಿನವರು ಒಪ್ಪುವ ಮಾತು. 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ನಲವತ್ತಮೂರನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅಂಗಡಿಗೆ ಬಂದವರಿಗೆಲ್ಲ ಇದನ್ನು ಹೇಳಿ ತಲೆ ತಿಂದಿದ್ದೆ.

ಈಗ ಕೊಡಗಿನ ಮುಖ್ಯ ವಿಷಯ. ಟೆನ್ಯೂರ್. ಇಲ್ಲಿ ಜಮೀನು ಕಾಗದ ಮುಟ್ಟಿದವರಿಗೆ ಈ ಪದ ತಪ್ಪಿಸಲು ಆಗುವುದಿಲ್ಲ, ಕಾರಣ ಜಮ್ಮಾ. ರಾಜರ ಕಾಲದಲ್ಲಿ ಸೈನಿಕ ಸೇವೆಗೆ ಬದಲಾಗಿ ಕಡಿಮೆ ಕಂದಾಯಕ್ಕೆ ತಲೆತಲಾಂತರ ಅನುಭವಿಸಲು ಕೊಟ್ಟ ಭೂಮಿ. ಜನ್ಮ ಅನ್ನುವ ಮಾತೇ ಜಮ್ಮಾ ಆದದ್ದು. ಗದ್ದೆಗೆ ಸೊಪ್ಪು, ಸೌದೆ, ದನ ಮೇವಿಗೆ ಅಂತ ಅದರ ಜೊತೆ ಬಿಟ್ಟ ಗುಡ್ಡವೇ ಬಾಣೆ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ವಶ ಮಾಡಿಕೊಂಡ ಮೇಲೆ ಇದಕ್ಕೆ ಏನು ಹೆಸರಿಡುವುದು ಅಂತ ಅವರಿಗೂ ಪೇಚಾಗಿರಬೇಕು. ಒಡೆತನ ಅನ್ನಲೂ ಆಗದು, ಗೇಣಿ ಅನ್ನಲೂ ಆಗದು. ‘ಜಮ್ಮಾ ಟೆನ್ಯೂರ್’ ಅಂದರು. ಟೆನ್ಯೂರ್ ಅಂದರೆ ಹಿಡಿದಿರುವ ರೀತಿ. ಒಡೆಯ ಯಾರು ಅನ್ನುವ ಪ್ರಶ್ನೆಯನ್ನು ಅದು ಎತ್ತುವುದೇ ಇಲ್ಲ. ಇಂಗ್ಲೆಂಡಿನಲ್ಲೂ ಹಾಗೇ, ನೆಲವೆಲ್ಲ ರಾಜನದು, ಉಳಿದವರು ಹಿಡಿದವರು ಮಾತ್ರ. ಅದಕ್ಕೇ ಟೆನೆಂಟ್.

ಮೊದಲೆಲ್ಲ ನಾನು ಟೆನ್ಯೂರ್ ಬಂದಲ್ಲಿ ‘ಅವಧಿ’ ಅಂತ ಹಾಕುತ್ತಿದ್ದೆ. ಅಧ್ಯಕ್ಷರ ಟೆನ್ಯೂರ್ ಅಂದರೆ ಅವಧಿ ತಾನೇ! ‘ಜಮ್ಮಾ ಅವಧಿ’ ಅಂತ ಒಮ್ಮೆ ಟೈಪ್ ಮಾಡಿ, ಹತ್ತಾರು ತಲೆಮಾರಿನಿಂದ ಗದ್ದೆ ಮಾಡುತ್ತಿದ್ದ ಯಜಮಾನರಿಂದ ಬೈಸಿಕೊಂಡೆ. ‘ನಮ್ಮದು ಯಾವಾಗ ಮುಗೀತದೆ ಅಂತ ಬರೆದಿದ್ದೀರಿ?’ ಸರಿಯಾದ ಪದ ಕನ್ನಡದಲ್ಲಿ ಮೊದಲೇ ಇತ್ತು, ತಾಲ್ಲೂಕು ಕಚೇರಿಯ ಗೋಡೆಯ ಮೇಲೆಯೇ ಇತ್ತು: ಹಿಡುವಳಿ. ಹಿಡಿಯಿಂದ ಹಿಡುವಳಿ, ಟೆನೆರೆಯಿಂದ ಟೆನ್ಯೂರ್, ಹೋಲ್ಡ್‌ನಿಂದ ಹೋಲ್ಡಿಂಗ್. ಮೂರು ಭಾಷೆ, ಒಂದೇ ಮುಷ್ಟಿ. ಜಮ್ಮಾ ಹಿಡುವಳಿ ಅಂತ ಬರೆದಾಗ ಯಜಮಾನರು ತಲೆ ಅಲ್ಲಾಡಿಸಿದರು.

ಕೋವಿಯ ಕಾಗದದಲ್ಲೂ ಈ ಪದ ಇದೆ. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಉಂಟು. ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗಿಡುವ ಕೋವಿಯ ಹಿಂದೆ ಈ ‘ಎಕ್ಸೆಂಪ್ಶನ್’ ಇದೆ. ಎಕ್ಸೆಂಪ್ಟ್ ಅಂದರೆ ಹೊರಗೆ ತೆಗೆದದ್ದು. ಬಾಣೆಗೆ ಕಂದಾಯ ಕಟ್ಟಿ ಹಕ್ಕು ಬಿಡಿಸಿಕೊಂಡರೆ ನಮ್ಮಲ್ಲಿ ‘ರಿಡೀಮ್ಡ್’ ಅನ್ನುತ್ತಾರೆ. ರಿಡೀಮ್ ಅಂದರೆ ಮರಳಿ ಕೊಳ್ಳುವುದು. ಎರಡರ ಬೇರೂ ಒಂದೇ, ಲ್ಯಾಟಿನ್ನಿನ ‘ಎಮೆರೆ’. ಕನ್ನಡದಲ್ಲಿ ‘ಕೊಳ್ಳು’ ಅಂದರೆ ತೆಗೆದುಕೊಳ್ಳುವುದೂ ಹೌದು, ಕ್ರಯಕ್ಕೆ ಪಡೆಯುವುದೂ ಹೌದು. ಎಮೆರೆಗೂ ಮೊದಲು ‘ತೆಗೆದುಕೊ’, ಆಮೇಲೆ ‘ಕ್ರಯಕ್ಕೆ ಕೊಳ್ಳು’. ಇಂಥ ಜೋಡಿ ಸಿಕ್ಕಿದ ದಿನ ರಾತ್ರಿ ನನಗೆ ನಿದ್ದೆ ಬರುವುದಿಲ್ಲ.

ಲೀಸ್ ಮಾತ್ರ ತಿರುಗುಮುರುಗು. ನೋಡಲು ಹಿಡಿದುಕೊಳ್ಳುವ ಪದ, ಹುಟ್ಟಿದ್ದು ಬಿಡುವ ಪದವಾಗಿ. ಲ್ಯಾಟಿನ್ನಿನ ‘ಲಕ್ಸಾರೆ’, ಸಡಿಲಿಸು. ನಾಯಿಯ ಕೊರಳಿಗೆ ಕಟ್ಟುವ ‘ಲೀಶ್’ ಕೂಡ ಅದರ ಮಗುವೇ. ಬೇಟೆನಾಯಿಯನ್ನು ಸ್ವಲ್ಪ ಸಡಿಲ ಬಿಟ್ಟು ಓಡಿಸುವ ಹಗ್ಗ. ತೋಟವನ್ನು ಲೀಸಿಗೆ ಬಿಟ್ಟವರು ಎಷ್ಟು ಸಡಿಲ ಬಿಡುತ್ತಾರೆ, ಯಾವಾಗ ಎಳೆಯುತ್ತಾರೆ ಅನ್ನುವುದನ್ನು ಈ ಅಂಗಡಿಯಲ್ಲಿ ಕೂತು ನೋಡಿದ್ದೇನೆ. ಅದಿರಲಿ.

ತಪ್ಪುಗಳ ಬಗ್ಗೆ ಹೇಳದಿದ್ದರೆ ಅನುಭವ ಪೂರ್ತಿ ಆಗುವುದಿಲ್ಲ. ಕಿವಿ ನಂಬಿ ಬರೆದದ್ದರಲ್ಲಿ ಎಷ್ಟೋ ಹೊಡೆದುಹಾಕಿದ್ದೇನೆ. ‘ಟೇನ್’ ಅಂತ ಕೊನೆಯಾದದ್ದೆಲ್ಲ ಹಿಡಿಯುವ ಪದ ಅಂದುಕೊಂಡು ಕ್ಯಾಪ್ಟನ್, ಮೌಂಟನ್, ಕರ್ಟನ್ ಎಲ್ಲವನ್ನೂ ಸಾಲಾಗಿ ಬರೆದೆ. ಅಕ್ಷರದಲ್ಲಿ ಒಂದೇ ಥರ ಕಾಣುತ್ತವೆ. ಆದರೆ ಕ್ಯಾಪ್ಟನ್ ಬಂದದ್ದು ತಲೆ ಅನ್ನುವ ಪದದಿಂದ. ಬಾಂಡೇಜ್, ಅಂದರೆ ಜೀತ, ಕಟ್ಟು ಅನ್ನುವ ಬೈಂಡ್‌ನಿಂದ ಬಂತು ಅಂತ ಯಾರನ್ನು ಬೇಕಾದರೂ ಒಪ್ಪಿಸಬಹುದಿತ್ತು. ನಿಜದಲ್ಲಿ ಅದರ ಮೂಲ ಹಳೆ ನಾರ್ಸ್ ಭಾಷೆಯ ‘ಬೋಂಡಿ’, ಮನೆ ಜಮೀನು ಇಟ್ಟುಕೊಂಡ ಸ್ವತಂತ್ರ ರೈತ. ಹಸ್ಬೆಂಡ್ ಅನ್ನುವುದರ ಬಾಲದಲ್ಲಿರುವವನೂ ಅವನೇ, ಮನೆಯ ಯಜಮಾನ. ಇಂಗ್ಲೆಂಡಿನಲ್ಲಿ ಆ ರೈತ ಮೇಲಿನವರ ಕೈಕೆಳಗೆ ಬಿದ್ದ, ಹೆಸರು ಜೀತದವನ ಹೆಸರಾಯಿತು. ಕಟ್ಟು ಅನ್ನುವ ಬಾಂಡ್ ಪಕ್ಕದಲ್ಲೇ ಇದ್ದದ್ದರಿಂದ ಅರ್ಥ ಆ ಕಡೆಗೇ ವಾಲಿತು. ತೋಟದ ಕೂಲಿಯಾಳುಗಳಿರುವ ಲೈನ್ ಮನೆಯ ಸಾಲದ ಕಾಗದಗಳನ್ನು ಟೈಪ್ ಮಾಡುವಾಗ ಈ ರೈತ ನನಗೆ ನೆನಪಾಗುತ್ತಾನೆ.

ಟೆಂಡರ್ ಅನ್ನೂ ಕೈಯ ಪುಟದಲ್ಲಿ ಬರೆದಿದ್ದೆ. ಅದು ‘ಟೆಂಡೆರೆ’, ಚಾಚು ಅನ್ನುವ ಬೇರೆ ಕ್ರಿಯಾಪದದಿಂದ ಬಂದದ್ದು ಅಂತ ಗೊತ್ತಾಗಿ ಕೆಂಪು ಗೀಟು ಹಾಕಿದೆ. ಎರಡು ವರ್ಷದ ನಂತರ ಇನ್ನೂ ಆಳಕ್ಕೆ ಹೋದಾಗ ಚಾಚುವುದೂ ಹಿಡಿಯುವುದೂ ಒಂದೇ ಹಿರಿಯ ಬೇರಿನ ಮಕ್ಕಳು ಅಂತ ತಿಳಿಯಿತು. ಎಳೆದು ಬಿಗಿ ಮಾಡಿದ್ದು ಹಿಡಿದು ನಿಲ್ಲುತ್ತದೆ. ಸಂಸ್ಕೃತದ ‘ತನ್’ ಕೂಡ ಅದೇ ಮನೆ, ಅದರಿಂದಲೇ ತಂತು, ತಂತಿ. ಹಾಗೆ ನೋಡಿದರೆ ತೋಟಕ್ಕೆ ಬಿಗಿದ ಸೋಲಾರ್ ಬೇಲಿಯ ತಂತಿಯೂ ಟೆನೆಂಟಿನ ದೂರದ ನೆಂಟ. ಕೆಂಪು ಗೀಟನ್ನು ಅಳಿಸಲಿಲ್ಲ, ಪಕ್ಕದಲ್ಲಿ ‘ಅರ್ಧ ಸರಿ’ ಅಂತ ಬರೆದೆ.

ಕನ್ನಡದಲ್ಲೂ ಮೋಸ ಹೋಗಿದ್ದೇನೆ. ಕೈದಿ ಅನ್ನುವುದರಲ್ಲಿ ‘ಕೈ’ ಇದೆ, ಕೈಗೆ ಬೇಡಿ ಹಾಕಿದವನು ಅಂತ ಒಬ್ಬರಿಗೆ ಪಾಠ ಮಾಡಿದ್ದೆ. ಅದು ಅರಬ್ಬಿಯ ಖೈದ್. ನಮ್ಮ ಕೈಗೂ ಅದಕ್ಕೂ ಸಂಬಂಧವಿಲ್ಲ.

ಹಗ್ಗದ ಪುಟ ನನಗೆ ದುಡಿಮೆಯಲ್ಲಿ ನೇರವಾಗಿ ಉಪಯೋಗಕ್ಕೆ ಬಂದದ್ದು ಒಂದು ದಾರಿ ಜಗಳದಲ್ಲಿ. ಕೊಡಗಿನಲ್ಲಿ ದಾರಿ ಜಗಳ ಇಲ್ಲದ ಊರು ಕಡಿಮೆ. ಗದ್ದೆಗೆ ಹೋಗಬೇಕಾದರೆ ಇನ್ನೊಬ್ಬರ ತೋಟ ದಾಟಬೇಕು. ಒಬ್ಬರು ವಯಸ್ಸಾದ ಹೆಂಗಸು ಬಂದರು. ಬೆಂಗಳೂರಿನಲ್ಲಿರುವ ಅಳಿಯ ಇಂಗ್ಲಿಷಿನಲ್ಲಿ ದೂರು ಬರೆದು ಮೊಬೈಲಿಗೆ ಕಳಿಸಿದ್ದ, ಕನ್ನಡಕ್ಕೆ ಮಾಡಿಕೊಡಬೇಕು. ಅದರಲ್ಲಿ ‘ರಾಂಗ್‌ಫುಲ್ ಕನ್‌ಫೈನ್‌ಮೆಂಟ್’ ಅಂತ ಇತ್ತು.

‘ಅಕ್ಕಾ, ನಿಮ್ಮನ್ನು ಎಲ್ಲಿ ಕೂಡಿಹಾಕಿದ್ರು?’

‘ನನ್ನನ್ನಾ? ಯಾರು ಕೂಡಿಹಾಕ್ತಾರೆ? ಗೇಟಿಗೆ ಬೀಗ ಹಾಕಿದ್ದಾನೆ. ನಾಟಿಗೆ ಆಳುಗಳನ್ನು ಕರ್ಕೊಂಡು ಹೋಗುವ ಹಾಗಿಲ್ಲ.’

ಕನ್‌ಫೈನ್ ಅನ್ನುವುದರಲ್ಲಿ ‘ಫಿನಿಸ್’ ಇದೆ, ಎಲ್ಲೆ. ಸುತ್ತಲೂ ಎಲ್ಲೆ ಹಾಕಿ ಒಳಗಿಡುವುದು. ರಿಸ್ಟ್ರೇನ್‌ನಲ್ಲಿ ‘ಸ್ಟ್ರಿಂಗೆರೆ’ ಇದೆ, ಬಿಗಿ. ಮುಂದೆ ಹೋಗದ ಹಾಗೆ ಹಿಂದಕ್ಕೆ ಬಿಗಿಯುವುದು. 1860ರ ದಂಡಸಂಹಿತೆ ಬರೆದವರು ಈ ವ್ಯತ್ಯಾಸವನ್ನೇ ಎರಡು ಕಲಮುಗಳಾಗಿ ಮಾಡಿಟ್ಟಿದ್ದಾರೆ. ಹೋಗಲು ಹಕ್ಕಿರುವ ದಿಕ್ಕಿಗೆ ಹೋಗದಂತೆ ಅಡ್ಡಗಟ್ಟಿದರೆ ಅದು ರಿಸ್ಟ್ರೇಂಟ್, ಯಾವ ಕಡೆಗೂ ಹೋಗದಂತೆ ಸುತ್ತಲೂ ಕೂಡಿಹಾಕಿದರೆ ಕನ್‌ಫೈನ್‌ಮೆಂಟ್. ಹಳೆಯದರಲ್ಲಿ 341 ಮತ್ತು 342 ಶಿಕ್ಷೆಯ ಕಲಮುಗಳು, 2024ರ ಜುಲೈಯಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 126 ಮತ್ತು 127. ಮೊದಲನೆಯದಕ್ಕೆ ಸೆರೆವಾಸ ಹೆಚ್ಚೆಂದರೆ ಒಂದು ತಿಂಗಳು, ಎರಡನೆಯದಕ್ಕೆ ಒಂದು ವರ್ಷದವರೆಗೆ. ಅಳಿಯ ಬರೆದ ಹಾಗೇ ಕೊಟ್ಟಿದ್ದರೆ ಠಾಣೆಯಲ್ಲಿ ಮೊದಲ ಪ್ರಶ್ನೆಗೇ ದೂರು ಬಿದ್ದುಹೋಗುತ್ತಿತ್ತು. ಅಳಿಯನಿಗೆ ಫೋನ್ ಮಾಡಿಸಿ, ಅವನು ಒಪ್ಪಿದ ಮೇಲೆ ‘ಅಡ್ಡಗಟ್ಟಿ ತಡೆದು’ ಅಂತ ಬರೆದೆ. ಅನುವಾದಕಿ ಮೂಲವನ್ನು ತಾನಾಗಿ ತಿದ್ದಬಾರದು, ಕೇಳಿಯೇ ತಿದ್ದಬೇಕು. ಇದನ್ನು ಬಾಡಿಗೆಯ ಲೆಟ್ಟಿನಿಂದ ಕಲಿತಿದ್ದೆ.

ಈ ಬಿಗಿಯುವ ಸ್ಟ್ರಿಂಗೆರೆಯ ಸಂಸಾರ ದೊಡ್ಡದು. ಸ್ಟ್ರಿಕ್ಟ್, ಸ್ಟ್ರೆಸ್, ಡಿಸ್ಟ್ರೆಸ್. ನನ್ನನ್ನು ಬೆಚ್ಚಿಬೀಳಿಸಿದ್ದು ಡಿಸ್ಟ್ರಿಕ್ಟ್. ಒಬ್ಬ ದೊರೆ ಯಾರನ್ನು ಬಿಗಿಯಬಲ್ಲನೋ, ಯಾರ ಮಾಲು ಜಪ್ತಿ ಮಾಡಬಲ್ಲನೋ ಅಷ್ಟು ಸೀಮೆ. ನಮ್ಮ ಜಿಲ್ಲೆ ಅನ್ನುವ ಪದ ಅಷ್ಟು ಗಡಸಲ್ಲ, ಅದು ಅರಬ್ಬಿಯಲ್ಲಿ ಪಕ್ಕೆಲುಬು, ಮಗ್ಗುಲು. ಕಂದಾಯ ಕಟ್ಟುವವರಿಗೆ ಎರಡೂ ಒಂದೇ ಅನ್ನಿ.

ಜಪ್ತಿ ಅಂದಾಗ ನೆನಪಾಯಿತು, ‘ಅಟ್ಯಾಚ್’. ಹಳೆ ಫ್ರೆಂಚಿನಲ್ಲಿ ಗೂಟ ಅನ್ನುವ ಪದದಿಂದ ಬಂದದ್ದು, ಗೂಟಕ್ಕೆ ಕಟ್ಟುವುದು. ಹಟ್ಟಿಯಲ್ಲಿ ಕರುವನ್ನು ಕಣ್ಣಿ ಹಾಕಿ ಗೂಟಕ್ಕೆ ಕಟ್ಟುತ್ತೇವಲ್ಲ, ಹಾಗೆ ಆಸ್ತಿಯನ್ನು ಕಟ್ಟಿಹಾಕುತ್ತದೆ ಕೋರ್ಟು. ಇ-ಮೇಲಿಗೆ ಫೈಲು ಅಟ್ಯಾಚ್ ಮಾಡುವ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ.

ಕಾಲಿನ ಪುಟ ಚಿಕ್ಕದು. ಇಂಪೀಡ್ ಅಂದರೆ ಕಾಲಿಗೆ ತೊಡಕು, ಎಕ್ಸ್‌ಪಿಡೈಟ್ ಅಂದರೆ ಕಾಲಿನ ತೊಡಕು ಬಿಡಿಸುವುದು. ‘ಎಕ್ಸ್‌ಪಿಡೈಟ್’ ಅಂತ ಷರಾ ಬರೆದ ಕಡತಗಳು ಎಷ್ಟು ವರ್ಷ ಕೂತಿರುತ್ತವೆ ಅಂತ ಬಲ್ಲವರು ಬಲ್ಲರು.

ಬೇಲಿಯ ಪುಟಕ್ಕೆ ಆನೆಗಳೇ ಪದ ಒದಗಿಸಿದವು. ದುಬಾರೆಯಲ್ಲಿ ಹೊಸದಾಗಿ ಹಿಡಿದ ಆನೆಯನ್ನು ದಪ್ಪ ದಿಮ್ಮಿಗಳ ದೊಡ್ಡಿಯಲ್ಲಿ ಇಡುತ್ತಾರೆ. ಮಾವುತರು, ಕಾವಾಡಿಗಳು ಅದನ್ನು ‘ಕ್ರಾಲ್’ ಅನ್ನುತ್ತಾರೆ. ಇಂಗ್ಲಿಷ್ ಶಾಲೆಯ ಮುಖ ನೋಡದವರ ಬಾಯಲ್ಲೂ ಈ ಪದ ಸಲೀಸು. ಪೋರ್ಚುಗೀಸರ ‘ಕುರ್ರಾಲ್’, ಅಂದರೆ ದನದ ದೊಡ್ಡಿ, ದಕ್ಷಿಣ ಆಫ್ರಿಕದ ಡಚ್ಚರ ಬಾಯಲ್ಲಿ ಕ್ರಾಲ್ ಆಗಿ ಇಂಗ್ಲಿಷಿಗೆ ಬಂತು. ಸ್ಪೇನಿನವರ ದಾರಿಯಿಂದ ಬಂದದ್ದು ಅಮೆರಿಕದ ಕುದುರೆ ದೊಡ್ಡಿ, ‘ಕೊರಾಲ್’. ಬೆಳೆಹಾನಿ ಅರ್ಜಿಗಳಲ್ಲಿ ‘ರೈಲ್ವೆ ಬ್ಯಾರಿಕೇಡ್ ದಾಟಿ ಬಂದ ಕಾಡಾನೆ’ ಅಂತ ಬರೆಯುತ್ತೇನೆ. ಬ್ಯಾರಿಕೇಡ್ ಮೂಲದಲ್ಲಿ ಪೀಪಾಯಿ. 1588ರ ಮೇ ತಿಂಗಳಲ್ಲಿ ಪ್ಯಾರಿಸಿನ ಜನ ರಾಜನ ಸೈನ್ಯವನ್ನು ತಡೆಯಲು ಪೀಪಾಯಿಗಳಿಗೆ ಮಣ್ಣು ಕಲ್ಲು ತುಂಬಿ ಬೀದಿಗೆ ಅಡ್ಡ ಇಟ್ಟರು. ಇಲ್ಲಿ ಪೀಪಾಯಿಯ ಬದಲು ಹಳೆ ರೈಲು ಕಂಬಿ. ರೈಲು ಮಾರ್ಗವೇ ಇಲ್ಲದ ಜಿಲ್ಲೆಗೆ ರೈಲು ಕಂಬಿ ಬಂದದ್ದು ಆನೆ ತಡೆಯಲಿಕ್ಕೆ!

ಮತ್ತೆ ಕೈಯ ಪುಟಕ್ಕೆ ಬರುತ್ತೇನೆ, ಒಂದು ಪದ ಬಾಕಿ ಇದೆ. ಮೇಂಟೇನ್. ‘ಮಾನು’ ಅಂದರೆ ಕೈಯಲ್ಲಿ, ‘ಟೆನೆರೆ’ ಅಂದರೆ ಹಿಡಿ. ಕೈಯಲ್ಲಿ ಹಿಡಿದುಕೊಂಡಿರುವುದು. ಗಂಡ ಬಿಟ್ಟುಹೋದ ಹೆಂಗಸರು ಜೀವನಾಂಶಕ್ಕೆ ಅರ್ಜಿ ಹಾಕುತ್ತಾರಲ್ಲ, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 144, ಅದಕ್ಕೆ ಇಂಗ್ಲಿಷಿನಲ್ಲಿ ಮೇಂಟೆನೆನ್ಸ್. ಒಂದು ಸಂಜೆ ಅಂಥ ಅರ್ಜಿ ಟೈಪ್ ಮಾಡುತ್ತಿದ್ದೆ. ಎದುರಿನ ಸ್ಟೂಲಿನಲ್ಲಿ ಕೂತ ಹೆಂಗಸು, ಮಡಿಲಲ್ಲಿ ಮಗು ಮಲಗಿತ್ತು, ಹೇಳುತ್ತಾ ಹೋದರು: ‘ಕೈ ಹಿಡಿದವನು ಕೈ ಬಿಟ್ಟ ಅಂತ ಬರೀರಿ ಅಕ್ಕಾ.’ ಪಾಣಿಗ್ರಹಣ, ಮೇಂಟೆನೆನ್ಸ್, ಕೈ ಬಿಡುವುದು. ಆಕೆಗೆ ಸಂಸ್ಕೃತವೂ ಲ್ಯಾಟಿನ್ನೂ ಬೇಕಿರಲಿಲ್ಲ. ಇಂಗ್ಲಿಷ್ ಪ್ರತಿಯಲ್ಲಿ ‘ನೆಗ್ಲೆಕ್ಟೆಡ್ ಟು ಮೇಂಟೇನ್’ ಅಂತ ಕಾಯಿದೆಯ ಮಾತೇ ಹಾಕಿದೆ. ಕನ್ನಡ ಪ್ರತಿಯಲ್ಲಿ ಆಕೆಯ ಮಾತನ್ನು ಹಾಗೆಯೇ ಇಟ್ಟೆ.

ಪುಸ್ತಕದಲ್ಲಿ ಬಹಳ ದಿನ ಜಾಗ ಸಿಗದೆ ಉಳಿದದ್ದು ಎಲ್ಲಕ್ಕಿಂತ ಸಾಮಾನ್ಯವಾದ ಪದ, ‘ಹೋಲ್ಡ್’. ಕೈಯ ಪುಟದಲ್ಲೇ ಮೊದಲು ಬರೆದಿದ್ದೆ. ಆಮೇಲೆ ನೋಡಿದರೆ ಅದರ ಹಳೆಯ ಸಂಬಂಧಿ, ಗೋಥಿಕ್ ಭಾಷೆಯ ‘ಹಾಲ್ಡನ್’, ದನ ಕಾಯುವುದು! ಇಂಗ್ಲಿಷಿನವರ ಹಿಡಿತ ಮುಷ್ಟಿಯಿಂದ ಶುರುವಾಗಿಲ್ಲ, ಹುಲ್ಲುಗಾವಲಿನಿಂದ ಶುರುವಾಗಿದೆ. ಬಿಹೋಲ್ಡ್ ಅಂದರೆ ನೋಡು ಅಂತ ಯಾಕಾಯಿತು ಅನ್ನುವುದಕ್ಕೂ ಇದರಿಂದ ಒಂದು ದಾರಿ ಸಿಕ್ಕಿತು. ಬಾಣೆಯಲ್ಲಿ ದನ ಬಿಟ್ಟು ಮರದ ಕೆಳಗೆ ಕೂತವನು ಯಾವ ದನವನ್ನೂ ಮುಟ್ಟುವುದಿಲ್ಲ, ಕಣ್ಣು ಇಟ್ಟಿರುತ್ತಾನೆ. ಲೆಡ್ಜರಿನಲ್ಲಿ ಐದನೆಯ ಭಾಗ ಮಾಡಿ ‘ಕಣ್ಣು’ ಅಂತ ತಲೆಬರಹ ಕೊಟ್ಟೆ. ಹೋಲ್ಡ್, ಬಿಹೋಲ್ಡ್, ಕಾವಲುಗಾರನಿಂದ ಬಂದ ಕಸ್ಟಡಿ, ಗಾರ್ಡ್, ಎಲ್ಲ ಅಲ್ಲಿಗೆ ಹೋದವು.

ಅದೇ ವಾರ ಒಂದು ದಾನಪತ್ರ ಬಂತು, ಅಜ್ಜಿ ಮೊಮ್ಮಗಳಿಗೆ ಒಂದು ಎಕರೆ ಕೊಡುವುದು. ‘ಟು ಹ್ಯಾವ್ ಆ್ಯಂಡ್ ಟು ಹೋಲ್ಡ್’ ಅಂತ ಎಂದಿನ ಸಾಲು. ಇದಕ್ಕೆ ಕನ್ನಡದಲ್ಲಿ ಸಿದ್ಧ ಮಾತಿದೆ, ಪುತ್ರಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು. ನೂರಾರು ಸಲ ಟೈಪ್ ಮಾಡಿದ್ದೇನೆ. ಅವತ್ತು ಮಾತ್ರ ಕೈ ಬೇರೆಯೇ ಟೈಪ್ ಮಾಡಿತು: ‘ತನ್ನದಾಗಿ ಇಟ್ಟುಕೊಂಡು, ಕಾಯ್ದುಕೊಂಡು ಬರತಕ್ಕದ್ದು.’ ಓದಿ ನೋಡಿದೆ, ಚೆನ್ನಾಗಿ ಕೇಳಿಸಿತು. ವಕೀಲರಿಗೆ ಕರಡು ತೋರಿಸಲು ಹೋದೆ.

ಅವರು ಆ ಸಾಲಿಗೆ ಬಂದು ನಿಂತರು. ಎರಡು ಸಲ ಓದಿದರು. ಆಮೇಲೆ ಪೆನ್ಸಿಲಿನಿಂದ ಉದ್ದಕ್ಕೆ ಗೀಟೆಳೆದು, ಮೇಲೆ ಹಳೆಯ ಮಾತನ್ನೇ ಬರೆದರು.

‘ಚಂದ ಉಂಟು. ಆದರೆ ಕಾಯ್ದುಕೊಂಡು ಅಂತ ಬರೆದರೆ ನಾಳೆ ಇನ್ನೊಬ್ಬ ವಕೀಲ ಬಂದು ಇವಳು ಬರೀ ಕಾವಲಿಗೆ ಇದ್ದವಳು ಅಂತಾನೆ ಮಾರಾಯ್ತಿ. ಇದನ್ನು ನಿನ್ನ ಪುಸ್ತಕದಲ್ಲಿ ಬರಿ, ಪತ್ರದಲ್ಲಿ ಬೇಡ.’

ಅಂಗಡಿಗೆ ಬಂದು ಸಾಲು ಬದಲಾಯಿಸಿ ಪ್ರಿಂಟ್ ಕೊಟ್ಟೆ. ಕರಡಿನ ಹಾಳೆಯನ್ನು ಲೆಡ್ಜರಿನ ಕಣ್ಣಿನ ಪುಟಕ್ಕೆ ಅಂಟಿಸಿದ್ದೇನೆ, ಪೆನ್ಸಿಲ್ ಗೀಟಿನ ಸಮೇತ.